ಬಾಲ ಬೆಳೆಸಿಕೊಂಡ ಫೈಲುಗಳು

ಇಮ್ಯಾಕ್ಸ್‌ನಲ್ಲಿ ಒಂದು ಫೈಲು ತೆರೆದು, ಒಂದಕ್ಷರ ತಿದ್ದಿ, ಸೇವ್ ಮಾಡಿ ನೋಡಿ. ಪಕ್ಕದಲ್ಲೇ ಅದೇ ಹೆಸರಿನ ಇನ್ನೊಂದು ಫೈಲು ಹುಟ್ಟಿರುತ್ತೆ, ಕೊನೆಗೊಂದು ~ ಬಾಲ ಅಂಟಿಸಿಕೊಂಡು. ವಿಮ್‌ನಲ್ಲಿ ‘ಸೆಟ್ ಬ್ಯಾಕಪ್’ ಅಂತ ಬರೆದರೂ ಇದೇ ಕಥೆ. ಹತ್ತು ಫೈಲಿನ ಫೋಲ್ಡರು ಸಂಜೆಯೊಳಗೆ ಇಪ್ಪತ್ತು ಫೈಲಿನದ್ದಾಗುತ್ತೆ.

ಇದಕ್ಕೆ ಬಲ್ಲವರು ಕೊಡುವ ಮದ್ದು ಒಂದೇ: ‘ನೋಬ್ಯಾಕಪ್ ಹಾಕ್ಕೊಳ್ಳಿ, ಗಿಟ್ ಇದೆಯಲ್ಲ!’ ನೆಗಡಿಯಾಯ್ತು ಅಂತ ಮೂಗು ಕೊಯ್ದುಕೊಂಡ ಹಾಗಾಯ್ತು. ಗಿಟ್ ಕಾಪಾಡೋದು ನೀವು ಕಮಿಟ್ ಮಾಡಿದ್ದನ್ನು ಮಾತ್ರ ಸ್ವಾಮೀ. ಅರ್ಧ ಬರೆದ ಲೇಖನವನ್ನು ಯಾರು ಗಂಟೆಗೊಮ್ಮೆ ಕಮಿಟ್ ಮಾಡ್ತಾರೆ? ಇಮ್ಯಾಕ್ಸ್ ಕೂಡ ಇದೇ ಭ್ರಮೆಯಲ್ಲಿದೆ. ಫೈಲು ಗಿಟ್‌ನ ಕೈಕೆಳಗಿದೆ ಅಂತ ಗೊತ್ತಾದರೆ ಸಾಕು, ನಾವು ಬೇರೆ ಹೇಳದ ಹೊರತು ಬ್ಯಾಕಪ್ಪೇ ತೆಗೆಯೋದಿಲ್ಲ. ಕಮಿಟ್ ಮಾಡಿ ತಿಂಗಳಾಗಿದ್ದರೂ ಅಷ್ಟೆ.

ಇನ್ನು ಕೆಲವರು ಬ್ಯಾಕಪ್ಪನ್ನೆಲ್ಲ ‘ಟಿಎಂಪಿ’ ಫೋಲ್ಡರಿಗೆ ತಳ್ಳಿ ಅಂತಾರೆ. ಲಕ್ಷಣವಾಗಿದೆ! ಫೆಡೋರಾದಲ್ಲಿ 2013ರ 18ನೇ ಆವೃತ್ತಿಯಿಂದ, ಡೆಬಿಯನ್‌ನಲ್ಲಿ 2025ರ 13ನೇ ಆವೃತ್ತಿಯಿಂದ ಆ ಫೋಲ್ಡರು ಪೂರ್ವನಿಯೋಜಿತವಾಗಿ ಇರೋದು ಮೆಮೊರಿಯಲ್ಲಿ. ಕರೆಂಟ್ ಹೋದರೆ ಮೂಲವೂ ಕೆಟ್ಟಿರಬಹುದು, ನಕಲು ಮಾತ್ರ ಖಂಡಿತ ಹೋಗಿರುತ್ತೆ. ಯಾವ ಹೊತ್ತಿಗೆ ಬೇಕಿತ್ತೋ ಆ ಹೊತ್ತಿಗೇ ಇಲ್ಲ.

ಹಾಗಾದ್ರೆ ಪಕ್ಕದಲ್ಲೇ ಬಿದ್ದಿರಲಿ, ಏನೀಗ ಅಂತೀರಾ? ಸ್ವಂತ ಜಾಲತಾಣ ಇಟ್ಟುಕೊಂಡವರು ಸ್ವಲ್ಪ ಕೇಳಿ. ಸರ್ವರಿನಲ್ಲೇ ಕೂತು ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲು ತಿದ್ದುತ್ತೀರಿ. ಆ ಫೈಲಿನ ಹೆಸರು ಪಿಎಚ್‌ಪಿ ಅಂತ ಮುಗಿಯೋದರಿಂದ ಸರ್ವರು ಅದನ್ನು ಓಡಿಸುತ್ತೆ, ಒಳಗಿನದ್ದನ್ನು ಯಾರಿಗೂ ತೋರಿಸೋಲ್ಲ. ಬಾಲ ಬಂದ ನಕಲು ಹಾಗಲ್ಲ. ಸಾಮಾನ್ಯವಾಗಿ ಸರ್ವರಿನ ಪಾಲಿಗೆ ಅದು ಬರೀ ಪಠ್ಯ. ಡೇಟಾಬೇಸಿನ ಪಾಸ್‌ವರ್ಡ್ ಸಮೇತ ಕೇಳಿದವರ ಕೈಗಿಡುತ್ತೆ. ಅಪಾಚೆಯ ಸಿದ್ಧ ಸೆಟ್ಟಿಂಗಿನಲ್ಲಿ ~ ಫೈಲುಗಳನ್ನು ಮರೆಮಾಡುವ ಸಾಲು ಇದೆಯಲ್ಲ ಅನ್ನಬೇಡಿ. ಅದು ಮರೆಮಾಡೋದು ಫೋಲ್ಡರಿನ ಪಟ್ಟಿಯಿಂದ ಮಾತ್ರ, ಹೆಸರು ಹಿಡಿದು ಕೇಳಿದರೆ ಕೊಟ್ಟುಬಿಡುತ್ತೆ. ಆ ಹೆಸರನ್ನು ಊಹಿಸೋಕೆ ಪಂಚಾಂಗ ಬೇಕಾ?

ಆದ್ದರಿಂದ ನನ್ನ ವಾದ ಇಷ್ಟು: ಬ್ಯಾಕಪ್ ಇರಬೇಕು, ಮನೆಫೋಲ್ಡರಿನ ಒಳಗೆ ಅದಕ್ಕೇ ಅಂತ ಒಂದು ಜಾಗದಲ್ಲಿರಬೇಕು, ಆ ಜಾಗ ನಿಮ್ಮೊಬ್ಬರಿಗೇ (700) ತೆರೆದಿರಬೇಕು. ವಿಮ್‌ನಲ್ಲಿ ಇದಕ್ಕೆ ‘ಬ್ಯಾಕಪ್‌ಡಿರ್’, ಇಮ್ಯಾಕ್ಸ್‌ನಲ್ಲಿ ‘ಬ್ಯಾಕಪ್-ಡೈರೆಕ್ಟರಿ-ಅಲಿಸ್ಟ್’. ವಿಮ್ ತಾನಾಗಿ ಆ ಫೋಲ್ಡರು ಮಾಡಿಕೊಳ್ಳೋಲ್ಲ, ನೀವೇ ಮಾಡಿಡಬೇಕು. ದಾರಿಯ ಕೊನೆಗೆ ಎರಡು ಓರೆಗೆರೆ // ಹಾಕೋದು ಮರೆಯಬೇಡಿ. ಇಲ್ಲದಿದ್ದರೆ ಎರಡು ಬೇರೆ ಫೋಲ್ಡರಿನ ಒಂದೇ ಹೆಸರಿನ ಫೈಲುಗಳು ಒಂದರ ಮೇಲೊಂದು ಕೂತು ಹಳೆಯದು ಅಳಿಸಿಹೋಗುತ್ತೆ. ಬ್ಯಾಕಪ್ಪಿಗೆ ಈ ಸೌಲಭ್ಯ ವಿಮ್ ಕೊಟ್ಟಿದ್ದೇ 2018ರಲ್ಲಿ!

ಇನ್ನು ನಮ್ಮಂಥವರ ಪಾಡು. ಹೀಗೆ ಒಂದೇ ಕಡೆ ಇಡುವಾಗ ಪೂರ್ತಿ ದಾರಿಯನ್ನೇ ಫೈಲಿನ ಹೆಸರಾಗಿ ಹೊಸೆಯುತ್ತಾರೆ. ಓರೆಗೆರೆಯ ಜಾಗಕ್ಕೆ ವಿಮ್ % ಹಾಕುತ್ತೆ, ಇಮ್ಯಾಕ್ಸ್! ಹಾಕುತ್ತೆ. ಲಿನಕ್ಸಿನ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನವರಿಗೆ ಅಕ್ಷರಕ್ಕೊಂದು ಬೈಟು, ಧಾರಾಳ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಕಾಗುಣಿತದ ಚಿಹ್ನೆಗೂ ಮೂರು, ಒತ್ತಿನ ವಿರಾಮಕ್ಕೂ ಮೂರು. ‘ಕನ್ನಡ’ ಅಂದರೇ 15 ಬೈಟ್ ಖಾಲಿ. ಒಟ್ಟು 85 ಸಂಕೇತಕ್ಕೆ ಬಾಗಿಲು ಮುಚ್ಚಿತು. ಬರಹಗಳು, ಅದರೊಳಗೆ ಪ್ರವಾಸಕಥನಗಳು, ಅದರೊಳಗೆ ಒಂದು ಉದ್ದನೆಯ ಶೀರ್ಷಿಕೆ... ಮುಗೀತು. ಅಚ್ಚ ಕನ್ನಡದಲ್ಲಿ ಫೋಲ್ಡರಿಗೆ ಹೆಸರಿಟ್ಟವನಿಗೇ ಬ್ಯಾಕಪ್ ಕೈಕೊಡುತ್ತೆ ಅನ್ನೋದು ಯಾವ ನ್ಯಾಯ? ದಾರಿಯನ್ನು ಫೋಲ್ಡರಾಗಿಯೇ ಉಳಿಸಿಕೊಂಡಿದ್ದರೆ ಈ ಗೋಳಿರಲಿಲ್ಲ. ಅಲ್ಲಿಯವರೆಗೆ ಕನ್ನಡ ಫೋಲ್ಡರುಗಳನ್ನು ಒಂದರೊಳಗೊಂದು ಹೂಳದೆ ಮೇಲೆಯೇ ಇಡಿ, ಹೆಸರನ್ನು ಮಾತ್ರ ಇಂಗ್ಲಿಷಿಗೆ ಬದಲಿಸಬೇಡಿ.

ನಿಯೋವಿಮ್‌ನವರು ಸ್ವಾಪ್ ಫೈಲುಗಳನ್ನು ಪಕ್ಕದಿಂದ ಎಬ್ಬಿಸಿ ಬೇರೆ ಮನೆ ಮಾಡಿಕೊಟ್ಟರು, ಸಂತೋಷ. ಬ್ಯಾಕಪ್ ಪಟ್ಟಿಯ ಮೊದಲಲ್ಲಿ ಮಾತ್ರ ‘ಇಲ್ಲೇ’ ಅನ್ನುವ ಚುಕ್ಕಿ ಇನ್ನೂ ಕೂತೇ ಇದೆ.