ಹಡಗಿನ ಟಿಕೆಟ್ಟಿನ ಜೊತೆ ಹಿಂದಿನ ರಾತ್ರಿಯನ್ನೂ ಬುಕ್ ಮಾಡಿ

ಅಪ್ಪ ಅಮ್ಮನ ಮದುವೆಗೆ ಇಪ್ಪತ್ತೈದೋ ನಲವತ್ತೋ ವರ್ಷ ತುಂಬಿದಾಗ ಮಕ್ಕಳು ಸೇರಿ ಕ್ರೂಸ್ ಟಿಕೆಟ್ ಮಾಡಿಸಿಕೊಡುವುದು ನಮ್ಮ ಕಡೆಯೂ ಈಗ ರೂಢಿಗೆ ಬಂದಿದೆ. ಮೊದಲು ಉಂಗುರ, ಸೀರೆ, ಕಾಶಿಯಾತ್ರೆ ಇದ್ದ ಜಾಗದಲ್ಲಿ ಮುಂಬಯಿಯಿಂದ ಗೋವಾಕ್ಕೋ ಲಕ್ಷದ್ವೀಪಕ್ಕೋ ಹೋಗುವ ಹಡಗು ಬಂದು ನಿಂತಿದೆ. ಕೈಯಲ್ಲಿ ಇನ್ನಷ್ಟು ಕಾಸಿದ್ದವರಿಗೆ ಸಿಂಗಪುರದ ಹಡಗು. ನನಗೆ ಇದು ಬಹಳ ಸಂತೋಷದ ವಿಷಯ. ಜೀವಮಾನವಿಡೀ ಇನ್ನೊಬ್ಬರ ಮದುವೆ, ಬಾಣಂತನ, ತಿಥಿಗೆಂದೇ ಊರು ಬಿಟ್ಟವರು ತಮಗಾಗಿ ಒಮ್ಮೆ ಹೊರಡುತ್ತಾರೆ. ನನ್ನ ತಕರಾರು ಒಂದೇ. ಮಕ್ಕಳು ಹಡಗಿನ ದಿನಗಳನ್ನು ಎಣಿಸಿ ಕೊಡುತ್ತಾರೆ, ಹಡಗು ಹತ್ತುವ ಹಿಂದಿನ ರಾತ್ರಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ರಾತ್ರಿ ಪ್ರವಾಸದ ಭಾಗ, ಮತ್ತು ಗಂಡ ಹೆಂಡತಿಯ ಪಾಲಿಗೆ ಅದರ ಅತಿ ಮುಖ್ಯ ಭಾಗ ಎಂದು ನಾನು ನಂಬುತ್ತೇನೆ.

ನಮ್ಮದು ಕುಂದಾಪುರ. ಇವರದು ಪೇಟೆಯಲ್ಲಿ ಮೆಡಿಕಲ್ ಶಾಪ್, ನಾನು ಅಂಚೆ ಇಲಾಖೆಯಿಂದ ನಿವೃತ್ತಳಾದವಳು. ನಮ್ಮ ಮದುವೆಯ ಮೂವತ್ತೈದನೇ ವರ್ಷಕ್ಕೆ ಬೆಂಗಳೂರಿನ ಮಗ ಲಕ್ಷದ್ವೀಪದ ಹಡಗಿಗೆ ಟಿಕೆಟ್ ಮಾಡಿಸಿದ. ನಸುಕಿಗೆ ಮನೆ ಬಿಟ್ಟು ಮಂಗಳೂರು ವಿಮಾನ ನಿಲ್ದಾಣ, ಬೆಳಗಿನ ವಿಮಾನಕ್ಕೆ ಮುಂಬಯಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ನೇರ ಬಲ್ಲಾರ್ಡ್ ಪಿಯರ್, ಮಧ್ಯಾಹ್ನದ ಊಟ ಹಡಗಿನಲ್ಲಿ. ಇದು ಅವನ ಯೋಜನೆ. ಲಾಡ್ಜಿನ ಖರ್ಚೂ ಉಳಿಯುತ್ತದೆ, ನಮಗೆ ಸುಸ್ತೂ ಆಗುವುದಿಲ್ಲ ಎಂಬ ಕಾಳಜಿ ಅದರಲ್ಲಿತ್ತು. ನಾನು ಒಪ್ಪಲಿಲ್ಲ. ಮತ್ಸ್ಯಗಂಧ ರೈಲಿನಲ್ಲಿ ಹೋಗಿ, ಹಿಂದಿನ ದಿನ ಬೆಳಿಗ್ಗೆಯೇ ಕುರ್ಲಾದಲ್ಲಿ ಇಳಿದು, ದಾದರಿನಲ್ಲಿ ಒಂದು ರೂಮು ಹಿಡಿಯುವುದೆಂದು ಹಟ ಮಾಡಿದೆ.

ಹಡಗು ಯಾರಿಗೂ ಕಾಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಕಾರಣ. ಆದರೆ ಯಾಕೆ ಕಾಯುವುದಿಲ್ಲ ಎಂಬುದನ್ನು ತಿಳಿದುಕೊಂಡವರು ಕಡಿಮೆ. ದೊಡ್ಡ ಹಡಗು ಬಂದರಿನಿಂದ ತಾನೇ ತಿರುಗಿಸಿಕೊಂಡು ಹೊರಡುವ ಬಸ್ಸಲ್ಲ. ಬಂದರಿನ ಪೈಲಟ್ ಹಡಗಿಗೆ ಹತ್ತಿ ದಾರಿ ತೋರಿಸಬೇಕು. ಟಗ್ ದೋಣಿಗಳು ಬೇಕಾದರೆ ಅವಕ್ಕೂ ಹೊತ್ತು ಗೊತ್ತಾಗಿರುತ್ತದೆ. ಧಕ್ಕೆಯಲ್ಲಿ ನಿಂತ ಪ್ರತಿ ಗಂಟೆಗೂ ಬಾಡಿಗೆಯಿದೆ. ಮುಂದಿನ ಬಂದರಿನಲ್ಲೂ ಇಂಥ ಹೊತ್ತಿಗೆ ಬರುತ್ತೇವೆಂದು ಜಾಗ ಹೇಳಿಟ್ಟಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹಡಗಿನಲ್ಲಿ ಯಾರು ಯಾರು ಇದ್ದಾರೆ ಎಂಬ ಪಟ್ಟಿ ಹೊರಡುವ ಮೊದಲೇ ಮುಗಿದಿರಬೇಕು. ಅದಕ್ಕೇ ಕೌಂಟರು ಹಡಗು ಬಿಡುವುದಕ್ಕಿಂತ ಬಹಳ ಮುಂಚೆ ಮುಚ್ಚುತ್ತದೆ. ಟಿಕೆಟ್ಟಿನಲ್ಲಿ ದೊಡ್ಡಕ್ಷರದಲ್ಲಿ ಇರುವುದು ಹಡಗು ಬಿಡುವ ಹೊತ್ತು, ನಾವು ನೋಡಬೇಕಾದದ್ದು ಕೌಂಟರು ಮುಚ್ಚುವ ಹೊತ್ತು. ಅಂಚೆ ಕಚೇರಿಯಲ್ಲಿ ಚೀಲ ಕಟ್ಟಿ ಮೊಹರು ಹಾಕಿದ ಮೇಲೆ ಓಡೋಡಿ ಬಂದ ರಿಜಿಸ್ಟರ್ಡ್ ಕಾಗದಗಳನ್ನು ನಾನು ಎಷ್ಟೋ ನೋಡಿದ್ದೇನೆ. ವ್ಯಾನು ಹೊರಗೆ ಇನ್ನೂ ನಿಂತಿದ್ದರೂ ಆ ಕಾಗದ ಮರುದಿನಕ್ಕೇ.

ನಾವು ಹೋದ ದಿನ ಟರ್ಮಿನಲ್ಲಿನಲ್ಲಿ ಅಂಥದೇ ಒಂದು ಜೋಡಿಯನ್ನು ಕಂಡೆ. ನಮ್ಮ ಚೀಲಗಳಿಗೆ ಚೀಟಿ ಕಟ್ಟಿಸಿ, ಎಲ್ಲ ಮುಗಿದು ಕುಳಿತಿದ್ದೆವು. ಕೌಂಟರಿನ ದೀಪ ಆರಿದ ಮೇಲೆ ಅವರು ಬಂದರು. ವಯಸ್ಸು ನಮ್ಮದೇ ಇರಬೇಕು. ಆಕೆಯ ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಯಾರೋ ಕೊಟ್ಟ ಹೂಗುಚ್ಛ. ವಿಮಾನ ತಡವಾಯಿತಂತೆ, ಆಮೇಲೆ ದಾರಿಯಲ್ಲಿ ಟ್ರಾಫಿಕ್ಕಂತೆ. ಅಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. ಆದರೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಗಂಡಸು ಫೋನಿನಲ್ಲಿ ಮಗಳಿಗೋ ಮಗನಿಗೋ ಬೈಯುತ್ತಿದ್ದರು. ಆಕೆ ಯಾರಿಗೂ ಬೈಯದೆ ಸೂಟ್‌ಕೇಸಿನ ಮೇಲೆ ಕುಳಿತುಬಿಟ್ಟರು. ಅವರನ್ನು ಆ ಸ್ಥಿತಿಗೆ ತಂದದ್ದು ವಿಮಾನವಲ್ಲ. ಬೆಳಿಗ್ಗೆ ಎದ್ದು ಮಧ್ಯಾಹ್ನ ಹಡಗಿನಲ್ಲಿರಬಹುದು ಎಂದು ಎಲ್ಲೋ ಕುಳಿತು ಯಾರೋ ಹಾಕಿದ ಲೆಕ್ಕ. ರೈಲಿನದೂ ಅದೇ ಕತೆ. ಕೊಂಕಣ ರೈಲ್ವೆ ಬಹುಪಾಲು ಇಂದಿಗೂ ಒಂಟಿ ಹಳಿಯ ದಾರಿ. ಎದುರಿನ ಗಾಡಿಗೆ ಕಾದು ನಿಲ್ಲುವುದು ಅಲ್ಲಿ ನಿತ್ಯದ ಮಾತು. ಅದೇ ದಿನ ಹಡಗು ಹಿಡಿಯುತ್ತೇನೆಂದು ಆ ರೈಲು ಹತ್ತಬಾರದು.

ಆದರೆ ಹೊತ್ತಿನ ಭಯವೊಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹೊರಡುವ ಹಿಂದಿನ ರಾತ್ರಿಯನ್ನು ಮನೆಯಲ್ಲಿ ಕಳೆದರೆ ಆ ರಾತ್ರಿ ಹೆಂಗಸಿನದಾಗಿರುವುದಿಲ್ಲ. ಫ್ರಿಜ್ ಖಾಲಿ ಮಾಡಬೇಕು, ಹೆಪ್ಪು ಹಾಕಿದ ಹಾಲನ್ನು ಪಕ್ಕದ ಮನೆಗೆ ದಾಟಿಸಬೇಕು, ಗ್ಯಾಸ್ ಬಂದ್ ಮಾಡಬೇಕು. ದೇವರ ದೀಪ ಯಾರು ಹಚ್ಚುತ್ತಾರೆ, ನಾಯಿಗೆ ಅನ್ನ ಯಾರು ಹಾಕುತ್ತಾರೆ, ತೋಟಕ್ಕೆ ನೀರು ಯಾರು ಬಿಡುತ್ತಾರೆ ಎಂದು ಒಬ್ಬೊಬ್ಬರಿಗೂ ಹೇಳಬೇಕು. ಇವರು ಮಲಗಿದ ಮೇಲೂ ನಾನು ಎದ್ದು ಹಿಂಬಾಗಿಲ ಚಿಲಕ ಎರಡು ಸಲ ನೋಡಿಬರುತ್ತೇನೆ. ಆ ನಿದ್ದೆಗೆಟ್ಟ ದೇಹವನ್ನು ಬೆಳಗಿನ ಜಾವ ಕಾರಿನಲ್ಲಿ ಕೂರಿಸಿ, ವಿಮಾನದಲ್ಲಿ ಕೂರಿಸಿ, ಹಡಗಿಗೆ ಹತ್ತಿಸಿದರೆ ಮೊದಲ ದಿನ ಆಕೆ ಕಾಣುವುದು ಸಮುದ್ರವನ್ನಲ್ಲ, ದಿಂಬನ್ನು.

ಇದು ಇಂದಿನದಲ್ಲ. ರಸ್ತೆ ಸರಿಯಿಲ್ಲದ ಕಾಲದಲ್ಲಿ ನಮ್ಮ ಕರಾವಳಿಯವರು ಮುಂಬಯಿಗೆ ಹೋದದ್ದೇ ಸ್ಟೀಮರಿನಲ್ಲಿ. ಮಳೆಗಾಲ ಬಂತೆಂದರೆ ಅದೂ ಬಂದ್. ನಮ್ಮ ಮಾವ ಹುಡುಗನಾಗಿದ್ದಾಗ ಗಂಗೊಳ್ಳಿಯಿಂದ ದೋಣಿಯಲ್ಲಿ ಹೋಗಿ, ದೂರದಲ್ಲಿ ನಿಂತ ಸ್ಟೀಮರು ಹತ್ತಿದವರು. ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದರು. ಮೊಗವೀರರ ಮಂಡಳಿಯಂಥವು ಮುಂಬಯಿಯಲ್ಲಿ ನಡೆಸಿದ ರಾತ್ರಿಶಾಲೆಗಳಿಲ್ಲದಿದ್ದರೆ ಹೋಟೆಲಿನ ಎಷ್ಟೋ ಹುಡುಗರಿಗೆ ಅಕ್ಷರವೇ ಸಿಗುತ್ತಿರಲಿಲ್ಲ. ಆ ಪ್ರಯಾಣದ ಕತೆಯನ್ನು ಮಾವ ಹೇಳುವಾಗಲೆಲ್ಲ ಹಿಂದಿನ ರಾತ್ರಿಯ ಮಾತು ಬರುತ್ತಿತ್ತು. ಅವರ ಅಮ್ಮ ಮಲಗಲೇ ಇಲ್ಲವಂತೆ. ಅವಲಕ್ಕಿ ಕಟ್ಟುವುದು, ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿಯುವುದು, ಮತ್ತೆ ಬಿಚ್ಚಿ ಮತ್ತೆ ಬಿಗಿಯುವುದು. ನಮ್ಮ ಮನೆಗಳಲ್ಲಿ ಯಾರೇ ಹಡಗು ಹತ್ತಲಿ, ಹಿಂದಿನ ರಾತ್ರಿಯ ಕೆಲಸ ಒಬ್ಬಳ ಮೇಲೇ ಬಿದ್ದಿದೆ. ಈಗ ಹಡಗು ಹತ್ತುವವಳು ಅವಳೇ ಆದಾಗಲಾದರೂ ಆ ರಾತ್ರಿ ಅವಳಿಗೆ ಸಿಗಬೇಕು. ಅದಕ್ಕೆ ಇರುವ ಉಪಾಯ, ಆ ರಾತ್ರಿ ಅವಳು ಮನೆಯಲ್ಲಿ ಇರದಿರುವುದು.

ನೆಂಟರ ಮನೆಯಲ್ಲೂ ಇರದಿರುವುದು. ಇದನ್ನು ಹೇಳುವುದು ಕಷ್ಟ. ಕರಾವಳಿಯವರಿಗೆ ಮುಂಬಯಿಯೆಂದರೆ ಪರಊರಲ್ಲ, ಪ್ರತಿ ಮನೆಗೂ ಅಲ್ಲಿ ಒಂದು ಮನೆಯಿದೆ. ಇವರ ತಂಗಿ ಡೊಂಬಿವಲಿಯಲ್ಲಿದ್ದಾಳೆ. ದಾದರಿನಲ್ಲಿ ರೂಮು ಮಾಡಿದ್ದೇವೆಂದಾಗ ಫೋನಿನಲ್ಲಿ ಅವಳ ದನಿ ಸಣ್ಣದಾಯಿತು. "ನಮ್ಮನಿ ಇಪ್ಪತಿಗೆ ಲಾಡ್ಜಿಗ್ ಹೋಪುದಾ ಅತ್ತಿಗೆ?" ಅವಳ ನೋವು ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿಗೆ ಹೋದರೆ ಅವಳು ಕೋಳಿ ಸುಕ್ಕ, ಕಡುಬು ಎಂದು ಒಲೆ ಮುಂದೆ ನಿಲ್ಲುತ್ತಾಳೆ, ನಾನು ಪಕ್ಕದಲ್ಲಿ ಕಾಯಿ ತುರಿಯುತ್ತೇನೆ, ಗಂಡಸರು ಟಿ.ವಿ. ಮುಂದೆ ಕೂರುತ್ತಾರೆ. ಅದು ಪ್ರೀತಿಯ ರಾತ್ರಿಯೇ. ದಂಪತಿಯ ರಾತ್ರಿಯಲ್ಲ. ಹಡಗಿಳಿದು ಬರುವಾಗ ಅವಳ ಮನೆಯಲ್ಲೇ ಉಳಿಯುತ್ತೇವೆಂದು ಮಾತು ಕೊಟ್ಟೆ. ಹಾಗೇ ಉಳಿದೆವು.

ಹಡಗು ಹತ್ತುವ ಹಿಂದಿನ ದಿನ ಮಧ್ಯಾಹ್ನ ಮಾಟುಂಗ ಸ್ಟೇಷನ್ ಹತ್ತಿರ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಿದೆವು. ಬಡಿಸುವವರನ್ನು ಇವರು ಊರು ಕೇಳಿದರು. ಅದು ನಮ್ಮವರು ಮುಂಬಯಿಯ ಯಾವ ಹೋಟೆಲಿಗೆ ಹೋದರೂ ಕೇಳುವ ಮೊದಲ ಪ್ರಶ್ನೆ. ಸಂಜೆ ಟ್ಯಾಕ್ಸಿ ಮಾಡಿ ಬಲ್ಲಾರ್ಡ್ ಎಸ್ಟೇಟಿಗೆ ಹೋಗಿ, ಮರುದಿನ ಹೋಗಬೇಕಾದ ಗೇಟು ಎಲ್ಲಿದೆ ಎಂದು ನೋಡಿಕೊಂಡೆವು. ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ಆ ಜಾಗದಲ್ಲಿ ನೂರು ವರ್ಷ ದಾಟಿದ ಕಲ್ಲಿನ ಕಟ್ಟಡಗಳು ಸಾಲಾಗಿ ನಿಂತಿವೆ. ಆಫೀಸು ಬಿಟ್ಟ ಮೇಲೆ ಅಲ್ಲಿ ಮುಂಬಯಿಯ ಗದ್ದಲವೇ ಇರುವುದಿಲ್ಲ. ಫುಟ್‌ಪಾತಿನಲ್ಲಿ ನಿಧಾನ ನಡೆಯುತ್ತಾ ಇವರು, ಅಪ್ಪ ಕೆಲಸ ಮಾಡಿದ ಹೋಟೆಲು ಇಲ್ಲೇ ಎಲ್ಲೋ ಇದ್ದಿರಬೇಕು ಎಂದು ಪ್ರತಿ ಮೂಲೆಗೂ ನಿಂತು ನೋಡಿದರು.

ರಾತ್ರಿ ರೂಮಿನಲ್ಲಿ, ಮಾಡುವುದಕ್ಕೆ ಏನೂ ಕೆಲಸವಿರಲಿಲ್ಲ. ಮರುದಿನದ ಕೈಚೀಲ ಒಂದನ್ನು ಜೋಡಿಸಿದ್ದು ಬಿಟ್ಟರೆ. ಆಗ ಇವರು, ಬರುವ ಯುಗಾದಿಗೆ ಅಂಗಡಿ ಮುಚ್ಚುತ್ತೇನೆ ಅಂದರು. ಮಗ ಬಂದು ನಡೆಸುವುದಿಲ್ಲವೆಂಬುದು ಗೊತ್ತಾಗಿದೆ, ಆನ್‌ಲೈನ್ ಔಷಧಿಯ ಎದುರು ಗುದ್ದಾಡುವ ವಯಸ್ಸು ತನಗಿಲ್ಲ, ಕೆಲಸದ ಹುಡುಗನಿಗೆ ಬೇರೆ ಕಡೆ ಮಾತಾಡಿದ್ದೂ ಆಗಿದೆ. ವರ್ಷದಿಂದ ಇದನ್ನು ಒಬ್ಬರೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಒಂದೇ ಸೂರಿನ ಕೆಳಗಿದ್ದು ನನಗೇಕೆ ಹೇಳಲಿಲ್ಲವೆಂದು ಕೇಳಿದೆ. "ಹೇಳುಕ್ ಹೊತ್ ಎಲ್ಲಿತ್ ಮಾರಾಯ್ತಿ?" ಅಂದರು. ಅದು ನೆಪವಲ್ಲ, ನಿಜ. ಮನೆಯಲ್ಲಿ ರಾತ್ರಿ ಒಂಬತ್ತೂವರೆಗೆ ಅಂಗಡಿ ಮುಚ್ಚಿ ಬಂದರೆ ಊಟ, ಲೆಕ್ಕ, ನಿದ್ದೆ. ನನ್ನ ಮಂಡಿಯ ಆಪರೇಷನ್ ಮಾಡಿಸುವುದೋ ಬೇಡವೋ ಎಂಬುದೂ ಆ ರಾತ್ರಿಯೇ ತೀರ್ಮಾನವಾಯಿತು.

ಹಡಗಿನಲ್ಲಿ ಇಂಥ ಮಾತು ಆಗುವುದಿಲ್ಲ ಎಂದು ಹೇಳಿದರೆ ಹೋಗಿ ಬಂದವರು ಒಪ್ಪುತ್ತಾರೆ. ಹಡಗು ಸುಖದ ಜಾಗ, ಬಿಡುವಿನ ಜಾಗವಲ್ಲ. ಹತ್ತಿದ ಗಳಿಗೆಯಿಂದ ಊಟ, ಆಟ, ಹಾಡು, ಮ್ಯಾಜಿಕ್, ಮತ್ತೆ ಊಟ. ನಾವು ಎಲ್ಲವನ್ನೂ ಮನಸಾರೆ ಅನುಭವಿಸಿದೆವು. ರಾತ್ರಿ ಡೆಕ್ಕಿನಲ್ಲಿ ನಿಂತು, ಈ ಕತ್ತಲಿನ ಆಚೆ ಪೂರ್ವಕ್ಕೆ ಎಲ್ಲೋ ನಮ್ಮ ಕೋಡಿ, ಮರವಂತೆ ಇರಬೇಕೆಂದು ಲೆಕ್ಕ ಹಾಕಿದೆವು. ಆದರೆ ಮನಸ್ಸು ಬಿಚ್ಚಿ ಕೂರುವುದಕ್ಕೆ ಅಲ್ಲಿ ಪುರುಸೊತ್ತಿಲ್ಲ. ಮೊದಲೇ ಮಾತಾಡಿ ಹಗುರಾಗಿದ್ದೆವಾದ್ದರಿಂದ ಅಲ್ಲಿನ ಸುಖ ನಮಗೆ ದಕ್ಕಿತು.

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಆಗಿರಬೇಕಾದದ್ದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ. ಹಡಗಿನಲ್ಲಿ ಮೊದಲ ದಿನವೇ ತುರ್ತು ಡ್ರಿಲ್ ಇರುತ್ತದೆ. ಏಳು ಸಣ್ಣ ಕೂಗು, ಒಂದು ಉದ್ದ ಕೂಗು ಕೇಳಿದರೆ ಎಲ್ಲಿಗೆ ಹೋಗಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಬೇಕು ಎಂದು ತೋರಿಸುತ್ತಾರೆ. 2012ರ ಜನವರಿ 13ರ ರಾತ್ರಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ತಾಗಿ ಮಗುಚಿ 32 ಮಂದಿ ಸತ್ತರು. ಅದೇ ಸಂಜೆ ಹಡಗು ಹತ್ತಿದ ನೂರಾರು ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಹತ್ತಿ 24 ಗಂಟೆಯೊಳಗೆ ಮಾಡಿದರೆ ಸಾಕೆಂದು ಆಗಿನ ನಿಯಮವಿತ್ತು. 2015ರಿಂದ ಹಡಗು ಬಿಡುವ ಮೊದಲು ಅಥವಾ ಬಿಟ್ಟ ಕೂಡಲೇ ಮಾಡಬೇಕೆಂದು ಬದಲಾಯಿತು. ಅಂಥ ಬೆಲೆ ತೆತ್ತು ಬಂದ ನಿಯಮವನ್ನು ತೂಕಡಿಸುತ್ತಾ ಕೇಳಬಾರದು. ಗಂಡ ಹೆಂಡತಿ ಇಬ್ಬರಿಗೂ ಒಟ್ಟುಗೂಡುವ ಜಾಗ ಬಾಯಿಪಾಠ ಬರಬೇಕು. ಇಬ್ಬರೂ ಒಂದೇ ಡೆಕ್ಕಿನಲ್ಲಿ ಇರುತ್ತಾರೆಂಬ ಖಾತ್ರಿಯಿಲ್ಲವಲ್ಲ.

ಆ ಕೈಚೀಲದ ಬಗ್ಗೆ ಹೇಳಿಬಿಡುತ್ತೇನೆ. ದೊಡ್ಡ ಚೀಲಗಳನ್ನು ಟರ್ಮಿನಲ್ಲಿನಲ್ಲೇ ಒಪ್ಪಿಸಬೇಕು, ಅವು ಕ್ಯಾಬಿನ್ನಿಗೆ ಬರುವುದು ಗಂಟೆಗಳ ಮೇಲೆ. ಬಿ.ಪಿ., ಶುಗರ್ ಮಾತ್ರೆ, ಗುರುತಿನ ಚೀಟಿ, ಚಾರ್ಜರ್, ಒಂದು ಸ್ವೆಟರ್ ಕೈಯಲ್ಲೇ ಇರಲಿ. ಹೊಟ್ಟೆ ತೊಳಸುವ ಭಯವಿದ್ದವರು ವೈದ್ಯರನ್ನು ಕೇಳಿ ಮಾತ್ರೆ ತಂದಿಟ್ಟುಕೊಳ್ಳಬೇಕು. ತೊಳಸಲು ಶುರುವಾದ ಮೇಲೆ ನುಂಗಿದರೆ ಅದರ ಗುಣ ಕಡಿಮೆ. ದಡದಿಂದ ದೂರ ಹೋದ ಮೇಲೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಮಕ್ಕಳಿಗೆ ಅದನ್ನು ಹಿಂದಿನ ರಾತ್ರಿಯೇ ಹೇಳಿಬಿಟ್ಟರೆ ಅವರು ಗಾಬರಿಯಾಗುವುದಿಲ್ಲ.

ಮುಂಬಯಿಯಲ್ಲಿ ಒಂದು ರಾತ್ರಿಯ ರೂಮು ಅಗ್ಗವಲ್ಲ, ಒಪ್ಪುತ್ತೇನೆ. ಹಾಗಿದ್ದರೆ ಬಾಲ್ಕನಿ ಕ್ಯಾಬಿನ್ ಬಿಟ್ಟು ಕಿಟಕಿಯ ಕ್ಯಾಬಿನ್ ತೆಗೆದುಕೊಳ್ಳಿ, ಕಿಟಕಿಯದು ಬಿಟ್ಟು ಒಳಗಿನದು ತೆಗೆದುಕೊಳ್ಳಿ. ಕ್ಯಾಬಿನ್ನಿನ ಅಲಂಕಾರ, ಕೇಕು, ಫೋಟೊಗೆ ಕೊಡುವ ದುಡ್ಡು ಉಳಿಸಿ. ಸಮುದ್ರ ನೋಡಲು ಡೆಕ್ಕು ಎಲ್ಲರಿಗೂ ಒಂದೇ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಕ್ರೂಸ್ ಭಾರತ್ ಮಿಷನ್ ಆರಂಭಿಸಿ, 2029ರೊಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿ ಮಾಡುವ ಗುರಿ ಇಟ್ಟಿದೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ಹಡಗುಗಳು ಬರುತ್ತವೆ, ಆ ಪ್ರವಾಸಿಗಳು ಕುದ್ರೋಳಿ, ಮೂಡುಬಿದಿರೆ ನೋಡಿ ಸಂಜೆಗೆ ಮರಳುತ್ತಾರೆ. ಅಲ್ಲಿಂದಲೇ ನಾವೂ ಹತ್ತುವ ದಿನ ಬರಲಿ. ಅಲ್ಲಿಯವರೆಗೆ, ಪ್ರವಾಸ ಏರ್ಪಡಿಸುವವರು ದೂರದೂರಿನ ಹಿರಿಯರ ಪ್ಯಾಕೇಜಿನಲ್ಲಿ ಬಂದರಿನ ಊರಿನ ಒಂದು ರಾತ್ರಿಯನ್ನು ಸೇರಿಸಿಯೇ ಬೆಲೆ ಹೇಳಬೇಕು. ಬೇಡವೆನ್ನುವವರು ತೆಗೆಸಿಕೊಳ್ಳಲಿ.

ಡೊಂಬಿವಲಿಯ ನಾದಿನಿಯೂ ಅವಳ ಗಂಡನೂ ಬರುವ ಡಿಸೆಂಬರಿನಲ್ಲಿ ಹೊರಡುತ್ತಾರೆ. ಬಂದರಿಗೆ ಲೋಕಲ್ ರೈಲಿನ ದೂರವಷ್ಟೇ ಇರುವಾಗ ಹಿಂದಿನ ರಾತ್ರಿ ಹೋಟೆಲ್ ಯಾಕೆ ಎಂದು ಅವಳ ಮಗ ಕೇಳಿದ್ದಾನಂತೆ. ನಾನೇ ಅವನಿಗೆ ಫೋನ್ ಮಾಡಿ, ರೂಮು ಬುಕ್ ಮಾಡು ಎಂದಿದ್ದೇನೆ.