1,200 ಪದಗಳ ಇತಿಹಾಸ

ಅಮೆರಿಕದ ಶಾಲಾ ಮಕ್ಕಳಿಗಾಗಿ ಪ್ರತಿವರ್ಷ ನಡೆಯುವ ನ್ಯಾಷನಲ್ ಹಿಸ್ಟರಿ ಡೇ ಸ್ಪರ್ಧೆಯಲ್ಲಿ ಪ್ರಬಂಧ, ಪ್ರದರ್ಶನ ಫಲಕ, ಸಾಕ್ಷ್ಯಚಿತ್ರ, ರಂಗಪ್ರಯೋಗಗಳ ಜೊತೆಗೆ ವೆಬ್‌ಸೈಟ್ ಕೂಡ ಒಂದು ವಿಭಾಗ. ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದ ಡೇವಿಡ್ ವ್ಯಾನ್ ಟ್ಯಾಸೆಲ್ 1974ರಲ್ಲಿ ಇದನ್ನು ಶುರುಮಾಡಿದರು. ಇಸವಿಗಳ ಬಾಯಿಪಾಠದಿಂದ ಮಕ್ಕಳನ್ನು ಬಿಡಿಸಿ, ಮೂಲ ದಾಖಲೆಗಳ ಮುಂದೆ ಕೂರಿಸಬೇಕೆಂಬುದು ಅವರ ಆಸೆಯಾಗಿತ್ತು. ಈಗ ಆರನೆಯ ತರಗತಿಯಿಂದ ಹನ್ನೆರಡನೆಯವರೆಗಿನ ಐದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ವರ್ಷವರ್ಷವೂ ಇದರಲ್ಲಿ ತೊಡಗುತ್ತಾರೆ. ಅಲ್ಲಿ ಬೆಳೆಯುತ್ತಿರುವ ನಮ್ಮವರ ಮಕ್ಕಳಿಗೂ ಇದು ತೆರೆದ ಬಾಗಿಲು.

ವೆಬ್‌ಸೈಟ್ ವಿಭಾಗದ ಬಗ್ಗೆ ಮಾತ್ರ ಒಂದು ಅನುಮಾನ ಸಹಜವಾಗಿ ಏಳುತ್ತದೆ. ಇತಿಹಾಸವೆಂದರೆ ವಾಕ್ಯದ ಹಿಂದೆ ವಾಕ್ಯ ಇಟ್ಟು ಕಟ್ಟುವ ವಾದ. ಓದುಗ ಮೊದಲಿನಿಂದ ಕೊನೆಯವರೆಗೆ ಜೊತೆಗೆ ನಡೆದರೆ ತಾನೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ತಿಳಿಯುವುದು? ಎಲ್ಲಿಂದ ಬೇಕಾದರೂ ಒಳನುಗ್ಗಿ ಎಲ್ಲಿಂದ ಬೇಕಾದರೂ ಹೊರಟುಹೋಗಬಹುದಾದ ಪುಟಗಳಲ್ಲಿ ಆ ನಡಿಗೆ ಉಳಿಯುತ್ತದೆಯೇ? ಅದೂ ವಿದ್ಯಾರ್ಥಿ ತಾನಾಗಿ ಬರೆಯಬಹುದಾದದ್ದು ಹೆಚ್ಚೆಂದರೆ 1,200 ಪದ. ಧ್ವನಿ, ವಿಡಿಯೊ ಎಲ್ಲ ಸೇರಿ ಮೂರು ನಿಮಿಷ. ಇಷ್ಟರಲ್ಲಿ ಇತಿಹಾಸ ಹಿಡಿಯುವುದಿಲ್ಲ, ಅಲಂಕಾರ ಮಾತ್ರ ಹಿಡಿಯುತ್ತದೆ ಎನ್ನುವವರಿದ್ದಾರೆ.

ಈ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಆದರೂ ಚೆನ್ನಾಗಿ ಕಲಿಸಿದರೆ, ಇತಿಹಾಸದ ವಿದ್ಯಾರ್ಥಿಗೆ ಅತ್ಯಂತ ಅಗತ್ಯವಾದ ಒಂದು ಶಿಸ್ತನ್ನು ವೆಬ್‌ಸೈಟಿನಷ್ಟು ಸ್ಪಷ್ಟವಾಗಿ ಬೇರೆ ಯಾವ ವಿಭಾಗವೂ ಕಲಿಸಲಾರದು ಎಂದು ನಾನು ನಂಬಿದ್ದೇನೆ. ದಾಖಲೆ ಹೇಳುವ ಮಾತು ಯಾವುದು, ದಾಖಲೆಯ ಬಗ್ಗೆ ನಾನು ಹೇಳುವ ಮಾತು ಯಾವುದು ಎಂಬ ವ್ಯತ್ಯಾಸವೇ ಆ ಶಿಸ್ತು. ಪ್ರಬಂಧದಲ್ಲಿ ಇವೆರಡೂ ಒಂದೇ ಪ್ಯಾರಾದಲ್ಲಿ ಕಲಸಿಹೋಗುತ್ತವೆ. ವೆಬ್‌ಪುಟದಲ್ಲಿ ಪತ್ರ ಪತ್ರವಾಗಿಯೇ, ಛಾಯಾಚಿತ್ರ ಛಾಯಾಚಿತ್ರವಾಗಿಯೇ ಕಣ್ಣಿಗೆ ಕಾಣುತ್ತದೆ. ಅದರ ಪಕ್ಕದಲ್ಲಿ ವಿದ್ಯಾರ್ಥಿಯ ಎರಡು ಸಾಲು. ಆ ಎರಡು ಸಾಲಿಗೆ ಆ ದಾಖಲೆ ನಿಜಕ್ಕೂ ಆಧಾರವೇ ಎಂದು ನೋಡುಗ ಅಲ್ಲೇ ತೂಗಿನೋಡಬಹುದು. ಶಾಸನ ಸಂಶೋಧಕ ಬಿ.ಎಲ್. ರೈಸ್ ತಮ್ಮ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳ ಪಾಠವನ್ನೂ ಅನುವಾದವನ್ನೂ ಬೇರೆಬೇರೆಯಾಗಿ ಕೊಟ್ಟು, ತಮ್ಮ ವಿವೇಚನೆಯನ್ನು ಪೀಠಿಕೆಯಲ್ಲಿ ಇಟ್ಟದ್ದರ ಹಿಂದೆಯೂ ಇದೇ ಪ್ರಾಮಾಣಿಕತೆ ಇದೆ. ರೈಸ್ ತಪ್ಪಿದ್ದರೆ ಆ ತಪ್ಪನ್ನು ಹಿಡಿಯಲು ಬೇಕಾದ ಸಾಮಗ್ರಿಯನ್ನು ಅವರೇ ನಮ್ಮ ಕೈಗಿತ್ತಿದ್ದಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಸೇರಿದ ಸಿಖ್. 1918ರಲ್ಲಿ ವಾಷಿಂಗ್ಟನ್ ರಾಜ್ಯದ ಕ್ಯಾಂಪ್ ಲೂಯಿಸ್‌ನಲ್ಲಿ ಸಮವಸ್ತ್ರದ ಮೇಲೆ ಪೇಟ ಧರಿಸಿ ನಿಂತ ಅವರ ಛಾಯಾಚಿತ್ರ ಪ್ರಸಿದ್ಧ. ವಲಸಿಗರಲ್ಲಿ ‘ಬಿಳಿಯ’ರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವವೆಂಬ ಕಾನೂನಿನಡಿ ಅವರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1923ರ ಫೆಬ್ರವರಿಯಲ್ಲಿ ಅವರು ಸೋತರು. ಇದನ್ನು ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಆ ಛಾಯಾಚಿತ್ರವನ್ನು ಮುಖಪುಟದ ತುಂಬ ಹರಡಿ, ಕೆಳಗೆ ಅನ್ಯಾಯದ ಬಗ್ಗೆ ನಾಲ್ಕು ಬಿಸಿ ಮಾತು ಬರೆಯುವ ಆಸೆ ಆಗಿಯೇ ಆಗುತ್ತದೆ. ಬರೆದರೆ ನೋಡುಗನ ಮನ ಕರಗುತ್ತದೆ. ಇತಿಹಾಸ ಮಾತ್ರ ಇನ್ನೂ ಶುರುವಾಗಿರುವುದಿಲ್ಲ.

ಶುರುವಾಗುವುದು ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟಾಗ. ಥಿಂಡ್ ಸೋಲುವ ಮೂರೇ ತಿಂಗಳ ಹಿಂದೆ, 1922ರ ನವೆಂಬರಿನಲ್ಲಿ, ಅವರ ತೀರ್ಪನ್ನೂ ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಜಪಾನಿನ ತಕಾವೊ ಓಜಾವಾ ಅವರ ಅರ್ಜಿಯನ್ನು ತಿರಸ್ಕರಿಸಿದ್ದರು. ಬಿಳಿಯರೆಂದರೆ ಕಕೇಷಿಯನ್ ಜನಾಂಗದವರು, ಜಪಾನೀಯರು ಆ ಜನಾಂಗಕ್ಕೆ ಸೇರಿಲ್ಲ ಎಂಬುದು ಅಲ್ಲಿ ಕೊಟ್ಟ ಕಾರಣ. ಹಾಗಾದರೆ ಅಂದಿನ ಮಾನವಶಾಸ್ತ್ರದ ಪ್ರಕಾರ ನಾನು ಕಕೇಷಿಯನ್ ಎಂದು ಥಿಂಡ್ ವಾದಿಸಿದಾಗ, ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಜನರ ತಿಳುವಳಿಕೆಯಲ್ಲಿ ಇವರು ಬಿಳಿಯರಲ್ಲ ಎಂದು ಅದೇ ಲೇಖನಿ ಬರೆಯಿತು. ಈ ಎರಡು ಪುಟಗಳ ನಡುವೆ ವಿದ್ಯಾರ್ಥಿ ಇಡುವ ಒಂದು ಕೊಂಡಿ ಇಡೀ ವಾದದ ಬೆನ್ನೆಲುಬಾಗಬಲ್ಲದು. ಓದುಗ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು, ತಾನೇ ಆ ತಿರುವನ್ನು ಕಂಡುಕೊಳ್ಳುತ್ತಾನೆ. ಪುಟಗಳ ನಡುವೆ ಅಡ್ಡಾಡುವ ಸ್ವಾತಂತ್ರ್ಯ ವಾದವನ್ನು ಮುರಿಯುತ್ತದೆ ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಇದೇ: ಎಲ್ಲಿ ಕೊಂಡಿ ಬೇಕು, ಏಕೆ ಬೇಕು ಎಂದು ತೀರ್ಮಾನಿಸುವುದೇ ವಾದ ಕಟ್ಟುವ ಕೆಲಸ.

ಇದೇ ಪುಟದಲ್ಲಿ ಇನ್ನೊಂದು ಇಕ್ಕಟ್ಟಿನ ಸಂಗತಿಯೂ ಬರಬೇಕು. ತಾನು ಉನ್ನತ ಜಾತಿಯ, ಶುದ್ಧ ಆರ್ಯ ರಕ್ತದ ಹಿಂದೂಸ್ಥಾನಿ ಎಂಬುದು ಥಿಂಡ್ ಪರವಾದ ವಾದದ ಮುಖ್ಯ ಎಳೆ. ಜನಾಂಗದ ಬೇಲಿಯನ್ನು ಕಿತ್ತುಹಾಕಿ ಎಂದು ಅವರು ಕೇಳಲಿಲ್ಲ, ನನ್ನನ್ನು ಬೇಲಿಯ ಒಳಗೆ ಬಿಡಿ ಎಂದು ಕೇಳಿದರು. ಥಿಂಡ್ ಅವರನ್ನು ಮೆಚ್ಚುವ ಹದಿನಾಲ್ಕರ ಹುಡುಗಿಗೆ ಇದನ್ನು ಬರೆಯುವುದು ಕಷ್ಟ. ಜಾಗ ಸಾಲದು ಎಂಬ ನೆಪವೂ ಕೈಯಲ್ಲೇ ಇದೆ. 1,200 ಪದಗಳ ಮಿತಿ ಮಕ್ಕಳನ್ನು ನಿಜವಾಗಿ ಪರೀಕ್ಷಿಸುವುದು ಇಂಥಲ್ಲಿ. ಅನುಕೂಲವಾದದ್ದನ್ನು ಇಟ್ಟುಕೊಂಡು ಅನಾನುಕೂಲವಾದದ್ದನ್ನು ಬಿಡುವುದನ್ನು ಸಂಕ್ಷೇಪವೆನ್ನಲಾಗದು.

ಸ್ಪರ್ಧೆಯ ನಿಯಮಗಳು ಈ ದಿಕ್ಕಿನಲ್ಲಿ ಸಾಕಷ್ಟು ಯೋಚಿಸಿವೆ. ಎಲ್ಲರೂ ಸಂಘಟಕರೇ ಒದಗಿಸುವ ಎನ್‌ಎಚ್‌ಡಿ ವೆಬ್‌ಸೆಂಟ್ರಲ್ ಎಂಬ ಒಂದೇ ಸಾಧನದಲ್ಲಿ ಪುಟ ಕಟ್ಟಬೇಕು. ತೀರ್ಪಿನಲ್ಲಿ ಇತಿಹಾಸದ ಗುಣಮಟ್ಟಕ್ಕೆ ಶೇ. 80 ತೂಕ, ನಿರೂಪಣೆಯ ಸ್ಪಷ್ಟತೆಗೆ ಶೇ. 20. ಆಕರಗಳ ಪಟ್ಟಿಯಲ್ಲಿ ಮೂಲ ಆಕರ, ಅನಂತರದ ಆಕರ ಎಂದು ಬೇರ್ಪಡಿಸಿ, ಒಂದೊಂದೂ ಹೇಗೆ ನೆರವಾಯಿತು ಎಂಬ ಟಿಪ್ಪಣಿ ಬರೆಯಬೇಕು. ಇಷ್ಟಾದರೂ ಒಂದು ಸಂದಿ ಉಳಿದಿದೆ. ದಾಖಲೆಗಳಿಂದ ಎತ್ತಿದ ಉಲ್ಲೇಖಗಳು ಪದಗಳ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಉದ್ಧರಣೆಗಳನ್ನೇ ಪೇರಿಸಿ ವಾದವನ್ನು ಅವುಗಳ ಬಾಯಿಂದ ಹೇಳಿಸುವ ಚಾಳಿ ಸುಲಭವಾಗಿ ಅಂಟಿಕೊಳ್ಳುತ್ತದೆ. ಶಿಕ್ಷಕರು ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಪ್ರತಿ ಚಿತ್ರಕ್ಕೂ, ಪ್ರತಿ ಉಲ್ಲೇಖಕ್ಕೂ ‘ಇದನ್ನು ತೆಗೆದರೆ ನಿನ್ನ ಯಾವ ಮಾತು ಬಿದ್ದುಹೋಗುತ್ತದೆ?’ ಎಂದು ಕೇಳಬೇಕು. ಯಾವ ಮಾತೂ ಬೀಳದಿದ್ದರೆ ಅದು ಅಲ್ಲಿರಬೇಕಾಗಿಲ್ಲ. ಬಣ್ಣ, ಅಕ್ಷರದ ಶೈಲಿ, ಪುಟದ ಹೆಸರುಗಳನ್ನು ಆರಿಸುವುದು ಆಕರಗಳನ್ನು ಓದಿ ಮುಗಿಸಿದ ಮೇಲಿನ ಮಾತು. ಮೊದಲ ದಿನವೇ ಕಂಪ್ಯೂಟರ್ ಮುಂದೆ ಕೂತು ಪುಟ ಸಿಂಗರಿಸಲು ಹೊರಟ ಗುಂಪು ಆಮೇಲೆ ಖಾಲಿ ಚೌಕಗಳನ್ನು ತುಂಬಲು ದಾಖಲೆ ಹುಡುಕುತ್ತದೆ. ಸಿಕ್ಕ ದಾಖಲೆ ಪ್ರಶ್ನೆಯನ್ನೇ ಬದಲಿಸುವ ಅನುಭವ ಅಂಥ ಮಕ್ಕಳಿಗೆ ದಕ್ಕುವುದಿಲ್ಲ.

ಥಿಂಡ್ ತೀರ್ಪಿನ ನಂತರದ ಪುಟವನ್ನೇ ನೋಡಿ. ಆ ತೀರ್ಪಿನ ಬಲದಿಂದ ಸರ್ಕಾರ ಆಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳತೊಡಗಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯಿ ಪೌರತ್ವ ಕಳೆದುಕೊಂಡು, ಭಾರತಕ್ಕೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟೂ ಸಿಗದೆ, 1928ರಲ್ಲಿ ಪತ್ರಿಕೆಗೊಂದು ಪತ್ರ ಬರೆದಿಟ್ಟು ಆತ್ಮಹತ್ಯೆ ಮಾಡಿಕೊಂಡರು. ತಾಣವನ್ನು ಇಲ್ಲಿಗೇ ಮುಗಿಸಿದರೆ ಪರಿಣಾಮ ತೀವ್ರವಾಗಿರುತ್ತದೆ, ತಿಳುವಳಿಕೆ ಅರ್ಧವಾಗಿರುತ್ತದೆ. ಥಿಂಡ್ ಅವರಿಗೆ 1936ರಲ್ಲಿ ನ್ಯೂಯಾರ್ಕಿನಲ್ಲಿ ಪೌರತ್ವ ಸಿಕ್ಕಿತು. ಮಹಾಯುದ್ಧದ ಯೋಧರಿಗಾಗಿ ಹಿಂದಿನ ವರ್ಷ ಮಾಡಿದ ಕಾನೂನು ಅವರಿಗೆ ಒದಗಿಬಂತು. ಜನಾಂಗದ ನಿಯಮ ಹಾಗೇ ಇತ್ತು, ಸೈನಿಕನಿಗೆ ಮಾತ್ರ ವಿನಾಯಿತಿ. ಸಮವಸ್ತ್ರ ತೊಡದ ಭಾರತೀಯರು 1946ರ ಲೂಸ್–ಸೆಲ್ಲರ್ ಕಾನೂನಿನವರೆಗೆ ಕಾಯಬೇಕಾಯಿತು. ಆ ಕಾನೂನು ಕೂಡ ಭಾರತದಿಂದ ವಲಸೆ ಬರಲು ಬಿಟ್ಟದ್ದು ವರ್ಷಕ್ಕೆ ಸುಮಾರು 100 ಮಂದಿಯನ್ನು. ಈ ಮೂರು ಇಸವಿಗಳನ್ನು ಕೊಂಡಿಯಿಂದ ಜೋಡಿಸಿದ ವಿದ್ಯಾರ್ಥಿಗೆ ಕ್ಯಾಂಪ್ ಲೂಯಿಸ್‌ನ ಆ ಛಾಯಾಚಿತ್ರವನ್ನು ಯಾವ ಪುಟದಲ್ಲಿ ಇಡಬೇಕು, ಅದು ಯಾವ ಮಾತಿಗೆ ಸಾಕ್ಷಿ ಎಂಬುದು ತಾನಾಗಿ ತಿಳಿಯುತ್ತದೆ.