ಜರಡಿಗೆ ಹಾದಿ ಎಂದು ಹೆಸರಿಟ್ಟವರು

2008ರ ಅಕ್ಟೋಬರ್ 5, ಭಾನುವಾರ. ಸಿಡ್ನಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ ಒಂದೇ ದಿನ ರಗ್ಬಿ ಲೀಗಿನ ಎರಡು ಫೈನಲ್ ನಡೆದವು. ದೊಡ್ಡವರ ಫೈನಲ್‌ನಲ್ಲಿ ಮ್ಯಾನ್ಲಿ ತಂಡ ಮೆಲ್ಬರ್ನ್ ತಂಡವನ್ನು 40-0ರಿಂದ ಜಜ್ಜಿಹಾಕಿತು. ಅದಕ್ಕೂ ಮುಂಚೆ ಅದೇ ಹುಲ್ಲಿನ ಮೇಲೆ ಇಪ್ಪತ್ತರೊಳಗಿನ ಹುಡುಗರ ಫೈನಲ್ ಮುಗಿದಿತ್ತು. ಕ್ಯಾನ್ಬೆರಾ ಮತ್ತು ಬ್ರಿಸ್ಬೇನ್ ನಿಗದಿತ ಸಮಯದಲ್ಲಿ 24-24ಕ್ಕೆ ನಿಂತು, ಹೆಚ್ಚುವರಿ ಸಮಯದಲ್ಲಿ ಮೊದಲು ಅಂಕ ಗಳಿಸಿದವರು ಗೆದ್ದಂತೆ ಎಂಬ ಗೋಲ್ಡನ್ ಪಾಯಿಂಟ್ ನಿಯಮಕ್ಕೆ ಹೋಗಿ, ಕ್ಯಾನ್ಬೆರಾ 28-24ರಿಂದ ಗೆದ್ದಿತು. ಎರಡರಲ್ಲಿ ಯಾವುದು ಒಳ್ಳೆಯ ಪಂದ್ಯ ಎಂದು ಯಾರನ್ನೂ ಕೇಳಬೇಕಿರಲಿಲ್ಲ.

ಅಷ್ಟು ಒಳ್ಳೆಯ ಪಂದ್ಯವಾದದ್ದೇ ತೊಂದರೆಯ ಮೂಲ ಎಂಬುದು ನನ್ನ ವಾದ. ನೋಡಲು ಚೆಂದವಾದದ್ದು ಕಲಿಯುವವರಿಗೂ ಒಳ್ಳೆಯದೇ ಇರಬೇಕು ಎಂದು ಆವತ್ತು ಎಲ್ಲರೂ ನಂಬಿಕೊಂಡರು. ಆ ನಂಬಿಕೆಯ ಮೇಲೆ ಹತ್ತು ವರ್ಷ ಒಂದು ಟೂರ್ನಿ ನಡೆಯಿತು. ಈಗ ನಮ್ಮ ದೇಶದಲ್ಲೂ ಅದೇ ನಂಬಿಕೆಯ ಮೇಲೆ ಲೀಗ್‌ಗಳು ಏಳುತ್ತಿವೆ.

ಮೊದಲು ಆಟದ ಬಗ್ಗೆ ನಾಲ್ಕು ಮಾತು. 2025ರ ಜೂನ್‌ನಲ್ಲಿ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನೋಡಿದ ಮುಂಬೈ ಓದುಗರು ಇದನ್ನು ಅದರೊಂದಿಗೆ ಬೆರೆಸಬಾರದು. ಅದು ಯೂನಿಯನ್ ರಗ್ಬಿಯ ಏಳು ಜನರ ರೂಪ. ನಾನು ಹೇಳುತ್ತಿರುವುದು ಹದಿಮೂರು ಜನರ ಲೀಗ್ ರಗ್ಬಿ. ಕಬಡ್ಡಿ ಬಲ್ಲವರಿಗೆ ಇದು ಬೇಗ ಹಿಡಿಸುತ್ತದೆ. ಚೆಂಡು ಹಿಡಿದವನು ಎದುರಾಳಿಗಳ ಗೋಡೆಗೆ ನುಗ್ಗುತ್ತಾನೆ, ಅವರು ಅವನನ್ನು ಹಿಡಿದು ಕೆಡವುತ್ತಾರೆ. ಕಬಡ್ಡಿಯಲ್ಲಿ ಹಿಡಿದರೆ ಔಟ್. ಇಲ್ಲಿ ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ, ಮತ್ತೆ ನುಗ್ಗಬಹುದು. ಆರು ಸಲ ಹಿಡಿದು ಕೆಡವಿದ ಮೇಲೆ ಚೆಂಡು ಎದುರಾಳಿಗೆ.

ಈ ಆಟ ಹುಟ್ಟಿದ್ದು ಕೂಲಿಯ ಜಗಳದಲ್ಲಿ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಸಭೆ ಸೇರಿ ರಗ್ಬಿ ಯೂನಿಯನ್ ಬಿಟ್ಟು ಹೊರಬಂದವು. ಗಣಿಯಲ್ಲಿ, ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ಆಟಗಾರರು ಶನಿವಾರ ಆಡಲು ಬಂದರೆ ಕಳೆದುಕೊಳ್ಳುವ ಕೂಲಿಯನ್ನು ಕ್ಲಬ್ಬು ತುಂಬಿಕೊಡಬಹುದೇ? ಲಂಡನ್ನಿನ ದೊಡ್ಡ ಮನುಷ್ಯರು ಕೂಡದು ಎಂದರು. ಹಾಗಾದರೆ ನಾವು ಬೇರೆ ಎಂದರು ಉತ್ತರದವರು. ಆಟಗಾರನ ಸಮಯಕ್ಕೆ ಬೆಲೆ ಇದೆ ಎಂಬ ಒಂದೇ ಮಾತಿನ ಮೇಲೆ ನಿಂತ ಆಟ ಇದು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

2008ಕ್ಕೆ ಮುಂಚೆ ಆಸ್ಟ್ರೇಲಿಯಾದಲ್ಲಿ ದೊಡ್ಡ ಪಂದ್ಯದ ಮುನ್ನ ಕ್ಲಬ್ಬಿನ ಎರಡನೇ ತಂಡ ಆಡುತ್ತಿತ್ತು. ಮೊದಲ ತಂಡಕ್ಕೆ ಇನ್ನೂ ಏರದ ಹುಡುಗ, ಅಲ್ಲಿಂದ ಇಳಿದ ಮೂವತ್ತರ ಹಿರಿಯ, ಗಾಯದಿಂದ ಚೇತರಿಸಿಕೊಳ್ಳುತ್ತಿರುವವನು, ಎಲ್ಲರೂ ಒಂದೇ ತಂಡದಲ್ಲಿ. 2008ರಲ್ಲಿ ಅವರನ್ನು ಸರಿಸಿ ಆ ಜಾಗಕ್ಕೆ ಇಪ್ಪತ್ತರೊಳಗಿನವರ ರಾಷ್ಟ್ರೀಯ ಟೂರ್ನಿ ತಂದರು. ಹದಿನಾರು ಕ್ಲಬ್ಬಿಗೆ ಹದಿನಾರು ಯುವ ತಂಡ. ಅದೇ ಜೆರ್ಸಿ, ಅದೇ ಕ್ರೀಡಾಂಗಣ, ಅದೇ ಊರೂರು ಅಲೆದಾಟ, ಟಿವಿಯಲ್ಲಿ ನೇರ ಪ್ರಸಾರ. ಟೌನ್ಸ್‌ವಿಲ್‌ನ ಹುಡುಗ ಮೆಲ್ಬರ್ನ್‌ಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಬೇಕು, ಆಕ್ಲೆಂಡ್‌ನವನು ಸಮುದ್ರ ದಾಟಬೇಕು. ಹುಡುಗರ ಸಂಬಳಕ್ಕೆ ಪ್ರತ್ಯೇಕ ಮಿತಿಯೂ ಇತ್ತು, ದೊಡ್ಡವರ ಮಿತಿಯ ಪಕ್ಕದಲ್ಲಿಟ್ಟರೆ ಕಾಣದಷ್ಟು ಚಿಕ್ಕದು. ಪ್ರದರ್ಶನ ಪೂರ್ತಿ ದೊಡ್ಡವರ ಅಳತೆಯದು, ಸಂಬಳ ಮಾತ್ರ ಕಲಿಯುವವರದು. ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿದವರಿಗೆ ಈ ಲೆಕ್ಕ ಗುರುತು ಸಿಗುತ್ತಿತ್ತು.

(ಟೂರ್ನಿಯ ಹೆಸರು 2012ರವರೆಗೆ ಟೊಯೋಟಾ ಕಪ್, 2013ರಿಂದ ಹೋಲ್ಡನ್ ಕಪ್. ಎರಡೂ ಕಾರು. ಕೊನೆಯ ಫೈನಲ್ ನಡೆದದ್ದು 2017ರ ಅಕ್ಟೋಬರ್ 1ಕ್ಕೆ. ಅದೇ ತಿಂಗಳು ಟೊಯೋಟಾ, ಹೋಲ್ಡನ್ ಎರಡೂ ಆಸ್ಟ್ರೇಲಿಯಾದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸಿದವು. ಇದರಿಂದ ಏನೂ ಸಿದ್ಧವಾಗುವುದಿಲ್ಲ, ಆದರೆ ಬರೆಯದೆ ಬಿಡಲು ಮನಸ್ಸಾಗಲಿಲ್ಲ.)

ದೊಡ್ಡ ಆಟಕ್ಕೆ ಮುಂಚೆ ಚಿಕ್ಕವರು ಆಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಕ್ಷಗಾನದ ನಾಡಿನವರು ಹಾಗೆ ಹೇಳುವಂತೆಯೂ ಇಲ್ಲ. ಇಡೀ ರಾತ್ರಿಯ ಆಟದ ಪೂರ್ವರಂಗದಲ್ಲಿ ಕೋಡಂಗಿ ವೇಷ, ಬಾಲಗೋಪಾಲ ವೇಷ ಕಟ್ಟುವವರು ಮೇಳದ ಹೊಸ ಹುಡುಗರೇ. ಆಗ ಪ್ರೇಕ್ಷಕರು ಇನ್ನೂ ಊಟ ಮುಗಿಸಿ ಬರುತ್ತಿರುತ್ತಾರೆ, ಕಡಲೆ ಮಾರುವವನು ಗ್ಯಾಸ್‌ಲೈಟ್ ಸರಿಮಾಡಿಕೊಳ್ಳುತ್ತಿರುತ್ತಾನೆ. ಹುಡುಗನ ಹೆಜ್ಜೆ ತಪ್ಪಿದರೆ ಭಾಗವತರಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾಗುವುದಿಲ್ಲ. ಅದೇ ಹುಡುಗ ಅದೇ ರಾತ್ರಿ ಪ್ರಸಂಗದೊಳಗೆ ಸಣ್ಣ ವೇಷ ಕಟ್ಟಿ ಹಿರಿಯ ಕಲಾವಿದರ ಎದುರು ನಿಲ್ಲುತ್ತಾನೆ. ಚೌಕಿಯಲ್ಲಿ ಅವರ ಪಕ್ಕ ಕೂತು ಬಣ್ಣ ಹಚ್ಚುವುದನ್ನು ನೋಡುತ್ತಾನೆ. ಕಲಿಕೆ ಆಗುವುದು ಅಲ್ಲಿ. ಕೋಡಂಗಿಗಳನ್ನೆಲ್ಲ ಒಟ್ಟು ಮಾಡಿ, ಅವರದೇ ಮೇಳ ಕಟ್ಟಿ, ಅವರಿಗೊಂದು ಟ್ರೋಫಿ ಇಟ್ಟು, ವರ್ಷಪೂರ್ತಿ ಕೋಡಂಗಿಗಳ ಎದುರು ಕೋಡಂಗಿಗಳನ್ನೇ ಕುಣಿಸಿದರೆ ಇಪ್ಪತ್ತನೇ ವಯಸ್ಸಿಗೆ ನಮಗೆ ಸಿಗುವುದು ಅತ್ಯುತ್ತಮ ಕೋಡಂಗಿ. ಎದುರು ವೇಷಧಾರಿ ಸಿಗುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಆದದ್ದು ಅದೇ. ಯುವ ಟೂರ್ನಿಯಲ್ಲಿ ಅಂಕಗಳ ಮಳೆ. 42-28, 46-6, 42-30: ಇವೆಲ್ಲ ಫೈನಲ್‌ಗಳ ಸ್ಕೋರು, 2010, 2012, 2013ರವು. ಓಡುವುದು, ಪಾಸು ಕೊಡುವುದು ಬಲ್ಲ ಹುಡುಗರು; ಎಂಬತ್ತು ನಿಮಿಷ ಬಿಡದೆ ಹಿಡಿದು ಕೆಡವುವ ಬೇಸರದ ಕೆಲಸವನ್ನು ಕಲಿಸಲು ಎದುರಿಗೆ ಗಂಡಸರೇ ಇರಲಿಲ್ಲ. ಹುಡುಗರು ರಾಜ್ಯ ಮಟ್ಟದ ಲೀಗ್‌ಗಳಲ್ಲಿ ದೊಡ್ಡವರ ಜೊತೆ ಆಡಿದ್ದರೆ ಒಳ್ಳೆಯದಿತ್ತು ಎಂದು ಅಲ್ಲಿನ ಆಟ ಬಲ್ಲವರೇ ಗೊಣಗಿದರು. ಗೊಣಗಾಟ ಟಿವಿಯಲ್ಲಿ ಕಾಣಲಿಲ್ಲ, ಟ್ರೈಗಳು ಕಂಡವು.

ಪುರಾವೆ ಬೇಕಾದರೆ ನ್ಯೂಜಿಲೆಂಡಿನ ವಾರಿಯರ್ಸ್ ಕ್ಲಬ್ ನೋಡಿ. ಹತ್ತು ವರ್ಷಗಳಲ್ಲಿ ಮೂರು ಸಲ, 2010, 2011, 2014ರಲ್ಲಿ, ಯುವ ಟ್ರೋಫಿ ಅವರದು. 2011ರ ಫೈನಲ್ ದಿನ ಹುಡುಗರು ಟೌನ್ಸ್‌ವಿಲ್‌ನವರನ್ನು 31-30ರಿಂದ ಗೆದ್ದರು. ಕೆಲವೇ ಗಂಟೆಗಳಲ್ಲಿ ಅವರ ದೊಡ್ಡವರು ಮ್ಯಾನ್ಲಿಗೆ 24-10ರಿಂದ ಸೋತರು. ದೊಡ್ಡವರ ಪ್ರಶಸ್ತಿಯನ್ನು ಆ ಕ್ಲಬ್ ಇಂದಿಗೂ ಗೆದ್ದಿಲ್ಲ. ಹೌದು, ಶಾನ್ ಜಾನ್ಸನ್‌ರಂಥ ಆಟಗಾರ ಆ ಯುವ ತಂಡದಿಂದಲೇ ಬಂದವರು. ಆದರೆ ಮೂರು ಟ್ರೋಫಿ ಗೆದ್ದ ಹುಡುಗರ ಪೈಕಿ ಒಂದು ತಂಡ ಕಟ್ಟುವಷ್ಟು ಜನ ಬಲಿತು ಬಂದಿದ್ದರೆ ಕಥೆ ಬೇರೆ ಇರುತ್ತಿತ್ತು.

ಈ ಟೂರ್ನಿಯನ್ನು ಸಮರ್ಥಿಸುವವರು ಯಾವಾಗಲೂ ಒಬ್ಬೊಬ್ಬರ ಹೆಸರನ್ನೇ ಹೇಳುತ್ತಾರೆ. 2008ರ ಮೊದಲ ಋತುವಿನ ಶ್ರೇಷ್ಠ ಆಟಗಾರ ಬ್ರಿಸ್ಬೇನಿನ ಬೆನ್ ಹಂಟ್, ಆಗ ಹದಿನೆಂಟು ವರ್ಷ. ಮರುವರ್ಷವೇ ಮೊದಲ ತಂಡಕ್ಕೆ ಬಂದರು. 2015ರ ದೊಡ್ಡ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಕಿಕ್‌ಆಫ್ ಚೆಂಡು ಅವರ ಕೈಜಾರಿ, ಟೌನ್ಸ್‌ವಿಲ್‌ನ ತಂಡ 17-16ರಿಂದ ಗೆದ್ದಿತು; ಆ ಒಂದು ಕೈತಪ್ಪು ಅವರನ್ನು ಹತ್ತು ವರ್ಷ ಬೆನ್ನಟ್ಟಿತು. ಬೇರೆ ಕ್ಲಬ್ಬಿಗೆ ಹೋಗಿ ಮರಳಿ ಬಂದು, 2025ರಲ್ಲಿ ಮೂವತ್ತೈದನೇ ವಯಸ್ಸಿನಲ್ಲಿ ಬ್ರಿಸ್ಬೇನಿನ ಜೊತೆ ಪ್ರಶಸ್ತಿ ಗೆದ್ದರು. ಒಳ್ಳೆಯ ಕಥೆ, ನನಗೂ ಇಷ್ಟ. ಆದರೆ ಇದು ಹಂಟ್ ಅವರ ಗಟ್ಟಿತನದ ಕಥೆ. ಇದನ್ನು ಟೂರ್ನಿಯ ಖಾತೆಗೆ ಜಮಾ ಮಾಡುವುದಾದರೆ ಉಳಿದವರನ್ನೂ ಅದೇ ಖಾತೆಗೆ ಬರೆಯಬೇಕು.

ಉಳಿದವರು ಎಷ್ಟು? ಒಂದು ತಂಡಕ್ಕೆ ಪಂದ್ಯದ ದಿನ ಹದಿನೇಳು ಜೆರ್ಸಿ. ಹದಿನಾರು ತಂಡಕ್ಕೆ 272. ಯುವಕರಲ್ಲೂ 272, ದೊಡ್ಡವರಲ್ಲೂ 272. ಹುಡುಗ ಯುವ ತಂಡದಲ್ಲಿ ಎರಡು ಮೂರು ವರ್ಷ ಇದ್ದು ವಯಸ್ಸು ಮೀರಿ ಹೊರಬೀಳುತ್ತಾನೆ ಎಂದುಕೊಂಡರೆ ವರ್ಷಕ್ಕೆ ನೂರರ ಆಸುಪಾಸು ಹುಡುಗರು ಹೊರಗೆ. ದೊಡ್ಡವನು ಏಳೆಂಟು ವರ್ಷ ಜಾಗ ಬಿಡುವುದಿಲ್ಲ ಎಂದುಕೊಂಡರೆ ವರ್ಷಕ್ಕೆ ಖಾಲಿಯಾಗುವುದು ಮೂವತ್ತೈದು, ನಲವತ್ತು ಜಾಗ. ಅದಕ್ಕೂ ಇಂಗ್ಲೆಂಡಿನಿಂದ, ಯೂನಿಯನ್ ರಗ್ಬಿಯಿಂದ ಬರುವವರ ಪೈಪೋಟಿ. ಇದು ನನ್ನ ಬೆರಳೆಣಿಕೆಯ ಲೆಕ್ಕ, ಉದಾರವಾಗಿಯೇ ಹಾಕಿದ್ದೇನೆ. ಅಂದರೆ ಟೂರ್ನಿ ಶುರುವಾಗುವ ದಿನವೇ ಅರ್ಧಕ್ಕಿಂತ ಹೆಚ್ಚು ಹುಡುಗರಿಗೆ ಜಾಗವಿಲ್ಲ ಎಂದು ಗೊತ್ತಿರುತ್ತದೆ. ಗೊತ್ತಿಲ್ಲದವರು ಆ ಹುಡುಗರು ಮಾತ್ರ.

ಇಲ್ಲಿ ನನ್ನ ಕಸುಬಿನ ಮಾತೊಂದು ಬರುತ್ತದೆ. ಇಂಥ ಟೂರ್ನಿಗಳಿಗೆ ಇಂಗ್ಲಿಷಿನಲ್ಲಿ ಪಾಥ್‌ವೇ ಎನ್ನುತ್ತಾರೆ. ಈಚೆಗೆ ಕ್ರೀಡಾ ಅಕಾಡೆಮಿಯೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ಸಿಕ್ಕಿತು. ಹನ್ನೆರಡು ಪುಟದಲ್ಲಿ ಆ ಪದ ಮೂವತ್ತು ಸಲವಾದರೂ ಇತ್ತು. ನಾನು 'ಹಾದಿ' ಎಂದು ಬರೆದೆ. ಅವರಿಗೆ ಅದು ಸಪ್ಪೆ ಅನ್ನಿಸಿತು, 'ಯಶಸ್ಸಿನ ಮೆಟ್ಟಿಲು' ಎಂದು ತಿದ್ದಿದರು. ಹಣ ಕೊಡುವವರು ಅವರು, ತಿದ್ದಲಿ. ಆದರೆ ಹಾದಿ ಎಂಬುದು ನಡೆದವರನ್ನೆಲ್ಲ ಎಲ್ಲಿಗಾದರೂ ಮುಟ್ಟಿಸಬೇಕು. ಮೆಟ್ಟಿಲಲ್ಲಿ ಏರಿದಷ್ಟೇ ಇಳಿಯಲೂ ಬರಬೇಕು. ನೂರು ಜನರನ್ನು ಹಾಕಿ, ಅಲ್ಲಾಡಿಸಿ, ಮೂವತ್ತು ಜನರನ್ನು ಇಟ್ಟುಕೊಂಡು ಉಳಿದವರನ್ನು ಕೆಳಗೆ ಬಿಡುವ ಸಾಧನಕ್ಕೆ ಕನ್ನಡದಲ್ಲಿ ಬೇರೆ ಪದವಿದೆ: ಜರಡಿ. ಜರಡಿ ಹಿಡಿಯುವುದು ಅಪರಾಧವಲ್ಲ, ಆಯ್ಕೆ ಯಾವ ಆಟಕ್ಕಾದರೂ ಬೇಕು. ಹದಿನೆಂಟರ ಹುಡುಗನಿಗೂ ಅವನ ಅಪ್ಪ ಅಮ್ಮನಿಗೂ ಅದನ್ನು ಹಾದಿ ಎಂದು ಹೇಳಿ ಸಹಿ ಹಾಕಿಸಿಕೊಳ್ಳುವುದು ಅಪರಾಧ.

ಇದರ ಭಾರ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಈ ಟೂರ್ನಿಯ ಬಹಳಷ್ಟು ಹುಡುಗರು ಸಮೋವಾ, ಟೊಂಗಾ, ಮಾವೋರಿ ಮನೆಗಳವರು. ಎಷ್ಟೋ ಮನೆಗಳಲ್ಲಿ ಮಗನ ಒಪ್ಪಂದವೆಂದರೆ ಇಡೀ ಕುಟುಂಬದ, ಚರ್ಚಿನ, ಊರಿನ ಮರ್ಯಾದೆ. 2012ರಲ್ಲಿ ವೆಸ್ಟ್ಸ್ ಟೈಗರ್ಸ್ ಯುವ ಟ್ರೋಫಿ ಗೆದ್ದಿತು. 2013ರ ಫೆಬ್ರವರಿಯಲ್ಲಿ ಆ ಕ್ಲಬ್ಬಿನ ಇಪ್ಪತ್ತರ ಹುಡುಗನೊಬ್ಬ ಅಭ್ಯಾಸದಲ್ಲಿ ಗಾಯಗೊಂಡ ದಿನವೇ ತನ್ನ ಪ್ರಾಣ ತೆಗೆದುಕೊಂಡ. ಒಂದು ಸಾವಿಗೆ ಒಂದು ಕಾರಣ ಅಂಟಿಸುವುದು ಅನ್ಯಾಯ, ನಾನು ಹಾಗೆ ಮಾಡುವುದಿಲ್ಲ. ಆದರೆ ಆ ವರ್ಷದ ನಂತರ, ಹುಡುಗರ ಮನಸ್ಸಿನ ಮೇಲೆ ಏನು ಹೊರಿಸಿದ್ದೇವೆ ಎಂಬ ಪ್ರಶ್ನೆಯಿಂದ ಆಟ ನಡೆಸುವವರು ತಪ್ಪಿಸಿಕೊಳ್ಳುವಂತಿರಲಿಲ್ಲ.

ಎದುರು ವಾದ ನನಗೆ ಗೊತ್ತಿದೆ. ಟಿವಿ ಇರುವುದರಿಂದ ಹಣ, ಹಣ ಇರುವುದರಿಂದ ವೈದ್ಯರು, ತರಬೇತುದಾರರು, ವಿಮಾನದ ಟಿಕೆಟ್ಟು. ಇಲ್ಲದಿದ್ದರೆ ಬಡ ಮನೆಯ ಹುಡುಗ ಮೂಲೆಯ ಮೈದಾನದಲ್ಲೇ ಉಳಿಯುತ್ತಿದ್ದ ಎನ್ನುತ್ತಾರೆ. ಮೊದಲರ್ಧ ನಿಜ. ಆದರೆ ವೈದ್ಯರನ್ನು ಕೊಡಲು ರಾಷ್ಟ್ರೀಯ ಟ್ರೋಫಿ ಏಕೆ ಬೇಕು? 2017ರಲ್ಲಿ ಟೂರ್ನಿ ನಿಲ್ಲಿಸಿ, 2018ರಿಂದ ನ್ಯೂ ಸೌತ್ ವೇಲ್ಸ್‌ನಲ್ಲಿ ಜರ್ಸಿ ಫ್ಲೆಗ್ ಕಪ್, ಕ್ವೀನ್ಸ್‌ಲೆಂಡ್‌ನಲ್ಲಿ ಅದರದೇ ಯುವ ಟೂರ್ನಿ ಎಂದು ರಾಜ್ಯಗಳಿಗೆ ಹಂಚಿದರು. ಆಟ ಮುಳುಗಲಿಲ್ಲ. ಹುಡುಗರು ಮನೆಯ ಹತ್ತಿರ ಉಳಿದರು, ತಯಾರಾದವರು ದೊಡ್ಡವರ ರಾಜ್ಯ ಲೀಗಿಗೆ ಹತ್ತಿದರು.

ನಮಗೇಕೆ ಇದೆಲ್ಲ ಎನ್ನುವವರಿಗೆ ಟೌನ್ಸ್‌ವಿಲ್‌ನದೇ ಇನ್ನೊಂದು ದಿನ ನೆನಪಿಸುತ್ತೇನೆ. 2012ರ ಆಗಸ್ಟ್‌ನಲ್ಲಿ ಆ ಊರಲ್ಲಿ ಅಂಡರ್-19 ಕ್ರಿಕೆಟ್ ವಿಶ್ವಕಪ್ ಫೈನಲ್ ನಡೆದಾಗ ನಾಯಕ ಉನ್ಮುಕ್ತ್ ಚಂದ್ ಅಜೇಯ 111 ಹೊಡೆದು ಭಾರತವನ್ನು ಗೆಲ್ಲಿಸಿದರು. ಭಾರತದ ದೊಡ್ಡ ತಂಡಕ್ಕೆ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. 2021ರಲ್ಲಿ, ಇಪ್ಪತ್ತೆಂಟಕ್ಕೆ, ಇಲ್ಲಿನ ಕ್ರಿಕೆಟ್ ಬಿಟ್ಟು ಅಮೆರಿಕಕ್ಕೆ ಹೋದರು. ನಮ್ಮ ದ್ರಾವಿಡ್ ಅಂಡರ್-19 ತಂಡದ ಕೋಚ್ ಆಗಿದ್ದ ಕಾಲದಲ್ಲಿ ಬಿಸಿಸಿಐ ಒಂದು ಒಳ್ಳೆಯ ನಿಯಮ ತಂದಿತು: ಒಬ್ಬ ಹುಡುಗ ಒಂದೇ ಅಂಡರ್-19 ವಿಶ್ವಕಪ್ ಆಡಬಹುದು. ಹುಡುಗರ ಕಪ್ಪಿನಲ್ಲೇ ಉಳಿಯದೆ ದೊಡ್ಡವರ ಜೊತೆ ಆಡಲು ಹೋಗು ಎಂದು ಅದರ ಅರ್ಥ. ಯಕ್ಷಗಾನದ ಚೌಕಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕ್ರಿಕೆಟ್‌ಗಾದರೂ ರಣಜಿ ಇದೆ, ಬಿದ್ದವನಿಗೆ ನೆಲ ಇದೆ. ಕಬಡ್ಡಿ ಹುಡುಗನಿಗೆ ಏನಿದೆ? ಹೊಸ ಹುಡುಗ ಯಾವ ತಂಡಕ್ಕೆ, ಎಷ್ಟಕ್ಕೆ ಹೋದ ಎಂಬುದು ಅದೇ ಸಂಜೆ ನಮ್ಮ ಫೋನಿಗೆ ಬರುತ್ತದೆ. ನಾಲ್ಕು ವರ್ಷದ ಹಿಂದೆ ಹಾಗೆ ಹೋದವರಲ್ಲಿ ಎಷ್ಟು ಜನ ಇನ್ನೂ ಆಡುತ್ತಿದ್ದಾರೆ, ಎಷ್ಟು ಜನರ ಮಂಡಿ ಹೋಯಿತು, ಯಾರ ಓದು ಎಲ್ಲಿಗೆ ನಿಂತಿತು ಎಂಬುದು ಯಾರ ಫೋನಿಗೂ ಬರುವುದಿಲ್ಲ. ಈ ಪಟ್ಟಿ ಮಾಡುವುದು ಕಷ್ಟವಲ್ಲ. ಹೆಸರುಗಳು ಲೀಗಿನವರ ಕಂಪ್ಯೂಟರಿನಲ್ಲೇ ಇವೆ. ಹೆಸರು ಬೇಡ, ಅಂಕಿ ಪ್ರಕಟಿಸಲಿ, ಹರಾಜಿನ ಬೆಲೆ ಹಾಕುವ ಪುಟದಲ್ಲೇ ಹಾಕಲಿ.

ಇದನ್ನು ಓದುತ್ತಿರುವವರಲ್ಲಿ ಕೆಲವರು ಮುಂಬೈಯಲ್ಲೋ ಗುರುಗ್ರಾಮದಲ್ಲೋ ಇಂಥ ಲೀಗ್‌ಗಳಿಗೆ ಹಣ ಹಾಕುವ ಕಂಪನಿಗಳಲ್ಲಿ ಇರಬಹುದು. ಮುಂದಿನ ಪ್ರಾಯೋಜಕತ್ವದ ಕಡತ ನಿಮ್ಮ ಮೇಜಿಗೆ ಬಂದಾಗ ಆ ಅಂಕಿ ಕೇಳಿ. ಇಲ್ಲ ಎಂದರೆ, ಏಕೆ ಇಲ್ಲ ಎಂಬುದನ್ನು ಬರಹದಲ್ಲಿ ಕೊಡಿ ಎನ್ನಿ.